ಕೈ ಕೊಡುವ ಹ್ಯಾಂಡಲ್ ನಮಗೆ ಬೇಡ



ಕಳೆದ ತಿಂಗಳ ಸಭೆಯಲ್ಲಿ ನಾವು ಒಂದು ನಿಯಮ ಮಾಡಿದೆವು. ಕಂಪನಿಯ ಹೆಸರೂ ಅಂಗಡಿಯ ಬಿಲ್ಲೂ ಇಲ್ಲದ ಕಾರ್ಬನ್ ಹ್ಯಾಂಡಲ್ ಬಾರ್ ಹಾಕಿದ ಸೈಕಲನ್ನು ಯುವ ಸಂಘಟನೆಯ ಭಾನುವಾರದ ಸವಾರಿಗೆ ತರುವಂತಿಲ್ಲ. ಬಿದ್ದು ಬಗ್ಗಿದ ಅಲ್ಯುಮಿನಿಯಂ ಬಾರಿಗೂ ಇದೇ ನಿಯಮ. ಆದರೆ ಅದರ ಬಗ್ಗೆ ಯಾರೂ ಮಾತೆತ್ತಲಿಲ್ಲ. ಜಗಳ ಎದ್ದದ್ದು ಕಾರ್ಬನ್ ವಿಷಯಕ್ಕೆ. ವಾಟ್ಸಾಪ್ ಗ್ರೂಪಿನಲ್ಲಿ ನಾಲ್ಕು ದಿನ ಅದೇ ಮಾತು, ಇಬ್ಬರು ಗ್ರೂಪ್ ಬಿಟ್ಟೇ ಹೋದರು. ಒಬ್ಬ ಹುಡುಗನ ತಂದೆ ಪೂಜೆ ಮುಗಿದ ಮೇಲೆ ನಮ್ಮನ್ನು ನಿಲ್ಲಿಸಿ, "ಮಗನಿಗೆ ಆಸೆಯಿಂದ ತರಿಸಿಕೊಟ್ಟದ್ದು, ಈಗ ಅದನ್ನು ಗೋಡೆಗೆ ತೂಗುಹಾಕಬೇಕಾ?" ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಗ್ರೂಪಿನಲ್ಲಿ ತುಂಡು ತುಂಡಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇವೆ.

ನಮ್ಮ ನಿಲುವು ಮೆತ್ತಗಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇವೆ. ಕಾಸರಗೋಡಿನ ಈ ರಸ್ತೆಗಳಲ್ಲಿ, ಇರುವ ಒಂದೇ ಸೈಕಲನ್ನು ಮಳೆಗೂ ಬಿಸಿಲಿಗೂ ಕಾಲೇಜಿಗೂ ಸವಾರಿಗೂ ಬಳಸುವ ನಮ್ಮಂಥವರಿಗೆ ಅಲ್ಯುಮಿನಿಯಂ ಹ್ಯಾಂಡಲ್ ಬಾರೇ ಸರಿ. ಕಾರ್ಬನ್ ಕೆಟ್ಟ ವಸ್ತು ಅಂತ ನಾವು ಹೇಳುವುದಿಲ್ಲ. ಅದನ್ನು ನೋಡಿಕೊಳ್ಳಲು ಬೇಕಾದ ಏರ್ಪಾಡು ನಮ್ಮಲ್ಲಿಲ್ಲ. ಅದರಿಂದ ನಮಗೆ ಸಿಗುವ ಲಾಭವೋ, ಎರಡು ಗುಟುಕು ನೀರಿನಷ್ಟು.

ಸೈಕಲ್ ಬಗ್ಗೆ ಹೆಚ್ಚು ಗೊತ್ತಿಲ್ಲದ ಹೆತ್ತವರಿಗಾಗಿ ಸ್ವಲ್ಪ ವಿವರ. ರೋಡ್ ಬೈಕ್ ಎಂದರೆ ತೆಳು ಟೈರಿನ, ಟಗರಿನ ಕೊಂಬಿನಂತೆ ಕೆಳಕ್ಕೆ ಬಾಗಿದ ಹ್ಯಾಂಡಲಿನ ಸೈಕಲ್. ಆ ಹ್ಯಾಂಡಲನ್ನು ಹಿಡಿದಿರುವುದು ನಟ್ಟನಡುವೆ ಒಂದೇ ಒಂದು ಕಡೆ, ಸ್ಟೆಮ್ ಎಂಬ ಗಿಡ್ಡ ತೋಳು. ಅದರ ಮುಂದಿನ ಮುಚ್ಚಳಕ್ಕೆ ಸಾಮಾನ್ಯವಾಗಿ ನಾಲ್ಕು ಸಣ್ಣ ಬೋಲ್ಟ್. ಹ್ಯಾಂಡಲಿನ ಆ ನಡುಭಾಗದ ದಪ್ಪ ಈಗಿನ ಸೈಕಲ್‌ಗಳಲ್ಲಿ 31.8 ಮಿ.ಮೀ. ಬ್ರೇಕ್, ಗೇರ್ ಎಲ್ಲವೂ ಹ್ಯಾಂಡಲಿನ ಮೇಲೆಯೇ. ಚೈನ್ ತುಂಡಾದರೆ ಸೈಕಲ್ ನಿಲ್ಲುತ್ತದೆ, ಟ್ಯೂಬ್ ಒಡೆದರೂ ಹೇಗಾದರೂ ನಿಲ್ಲಿಸಬಹುದು. ಹ್ಯಾಂಡಲ್ ಮುರಿದರೆ ಮಾತ್ರ ತಿರುಗಿಸುವುದೂ ಹೋಯಿತು, ಬ್ರೇಕೂ ಹೋಯಿತು, ಮೈಯ ಭಾರವನ್ನು ತಡೆದಿದ್ದ ಊರುಗೋಲೂ ಹೋಯಿತು. ಸವಾರ ಮುಖ ಅಡಿಯಾಗಿ ಮುಂದಕ್ಕೇ ಬೀಳುವುದು. ಪೊಸಡಿ ಗುಂಪೆಯಿಂದ ಇಳಿಯುವಾಗ ಗಂಟೆಗೆ 50 ಕಿ.ಮೀ. ವೇಗ ಬರುವುದು ನಮ್ಮ ಹುಡುಗರಿಗೆ ದೊಡ್ಡ ವಿಷಯವಲ್ಲ. ಅಂದರೆ ಸೆಕೆಂಡಿಗೆ 14 ಮೀಟರ್. ಹೆಲ್ಮೆಟ್ ತಲೆಯನ್ನು ಕಾಯುತ್ತದೆ, ಹಲ್ಲನ್ನು ಕಾಯುವುದಿಲ್ಲ.

ಈಗ ಲಾಭದ ಲೆಕ್ಕ. ನಮ್ಮಲ್ಲಿ ಬಿ.ಎಸ್ಸಿ. ಓದಿದವರು ಇದ್ದೇವೆ, ಕಾಗದ ಪೆನ್ನು ಹಿಡಿದೇ ಕುಳಿತೆವು. ಒಳ್ಳೆಯ ಅಲ್ಯುಮಿನಿಯಂ ಡ್ರಾಪ್ ಬಾರ್ 250ರಿಂದ 300 ಗ್ರಾಂ ತೂಗುತ್ತದೆ. ಒಳ್ಳೆಯ ಕಾರ್ಬನ್ ಬಾರ್ 200ರ ಆಸುಪಾಸು. ವ್ಯತ್ಯಾಸ 75 ಗ್ರಾಂ ಎಂದಿಟ್ಟುಕೊಳ್ಳೋಣ. ಸವಾರನೂ ಸೈಕಲೂ ಸೇರಿ 75 ಕೆ.ಜಿ. ಅಲ್ಲಿಗೆ ಉಳಿದದ್ದು ಸಾವಿರದಲ್ಲಿ ಒಂದು ಪಾಲು. ಕಡಿದಾದ ಏರಿನಲ್ಲಿ ಹಿಡಿಯುವ ಸಮಯ ಹೆಚ್ಚುಕಡಿಮೆ ತೂಕದ ಅನುಪಾತದಲ್ಲೇ ಇರುತ್ತದೆ. 20 ನಿಮಿಷದ ಏರಿನಲ್ಲಿ ಉಳಿಯುವುದು 1.2 ಸೆಕೆಂಡ್. ಮೇಲೆ ತಲುಪಿದವನು ನಮಗಾಗಿ ಅರ್ಧ ಗಂಟೆ ಕಾದು, ಫೋಟೋ ತೆಗೆದು, ಸ್ಟ್ರಾವಾ ನೋಡುತ್ತಾ ಕೂರುತ್ತಾನೆ. ಆ 1.2 ಸೆಕೆಂಡನ್ನು ಅವನು ಎಲ್ಲಿ ಖರ್ಚು ಮಾಡುತ್ತಾನೋ ನಮಗೆ ಗೊತ್ತಾಗಲಿಲ್ಲ. ಹೊರಡುವ ಮೊದಲು ಬಾಟಲಿಯಿಂದ ಎರಡು ಗುಟುಕು ನೀರು ಕುಡಿದರೆ ಸೈಕಲ್ ಅಷ್ಟೇ ಹಗುರವಾಗುತ್ತದೆ, ಖರ್ಚಿಲ್ಲದೆ.

ಗಾಳಿಯ ತಡೆ ಕಡಿಮೆ ಮಾಡುವ ಚಪ್ಪಟೆ ಕಾರ್ಬನ್ ಬಾರ್ ಎಂದು ಇನ್ನೊಂದು ವಾದ. ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ, ಇದು ಪಿ.ಯು.ಸಿ. ಭೌತಶಾಸ್ತ್ರ. 48 ಕಿ.ಮೀ. ವೇಗದಲ್ಲಿ ಓಡುವ ವೃತ್ತಿಪರನಿಗೆ ಸಿಗುವ ಉಳಿತಾಯದ ಎಂಟನೇ ಒಂದು ಪಾಲು 24ರಲ್ಲಿ ಓಡುವ ನಮಗೆ. ಅದೂ ಬೆನ್ನ ಹಿಂದೆ ಗಾಳಿಗೆ ಪಟಪಟ ಹೊಡೆದುಕೊಳ್ಳುವ ಸಡಿಲ ಟೀ ಶರ್ಟ್ ಹಾಕಿಕೊಂಡು! ಆ ವಾದವನ್ನು ಇಲ್ಲಿಗೇ ಬಿಡೋಣ.

"ಕಾರ್ಬನ್ ಹಾಕಿದರೆ ಕೈ ನೋಯುವುದಿಲ್ಲ, ರಸ್ತೆಯ ಕಂಪನ ಕುಡಿಯುತ್ತದೆ" ಎನ್ನುವವರ ಮಾತಿನಲ್ಲಿ ಸ್ವಲ್ಪ ಸತ್ಯ ಇದೆ. ನಾರಿನ ಪದರಗಳನ್ನು ಹೇಗೆ ಜೋಡಿಸುತ್ತಾರೆ ಎಂಬುದರ ಮೇಲೆ ಕಾರ್ಬನ್ ಬಾರನ್ನು ಸ್ವಲ್ಪ ಬಳುಕುವಂತೆ ಮಾಡಬಹುದು. ಮಾಡದೆಯೂ ಇರಬಹುದು, ಬಹಳಷ್ಟು ಕಾರ್ಬನ್ ಬಾರ್‌ಗಳು ಅಲ್ಯುಮಿನಿಯಂಗಿಂತ ಗಡುಸು. ಚೆರ್ಕಳ–ಕಲ್ಲಡ್ಕ ರಸ್ತೆಯ ಗುಂಡಿಯನ್ನು, ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿಯ ಕೆಲಸ ನಡೆದಾಗ ನಾವು ಅನುಭವಿಸಿದ ಜಲ್ಲಿ ಧೂಳನ್ನು ನೆನಪಿಸಿಕೊಳ್ಳಿ. ಅಂಥ ಹೊಡೆತವನ್ನು ಮೊದಲು ತಿನ್ನಬೇಕಾದದ್ದು ಟೈರು. 23 ಮಿ.ಮೀ. ಟೈರಿಗೆ 110 ಪಿ.ಎಸ್.ಐ. ಗಾಳಿ ತುಂಬಿ, ಕೈ ಜುಮ್ಮೆನ್ನುತ್ತದೆ ಎಂದು ಕಾರ್ಬನ್ ಬಾರ್ ಕೊಳ್ಳುವವನು, ಗಟ್ಟಿ ಹಾಸಿಗೆಯಲ್ಲಿ ನಿದ್ದೆ ಬರುವುದಿಲ್ಲ ಎಂದು ದಿಂಬಿನ ಹೊದಿಕೆ ಬದಲಾಯಿಸಿದ ಹಾಗೆ. ಸೈಕಲಿನಲ್ಲಿ ಜಾಗ ಇದ್ದರೆ 28 ಮಿ.ಮೀ. ಟೈರ್ ಹಾಕಿ, ನಿಮ್ಮ ತೂಕಕ್ಕೆ ತಕ್ಕಂತೆ ಗಾಳಿಯನ್ನು 75–80ಕ್ಕೆ ಇಳಿಸಿ, ದಪ್ಪ ಬಾರ್ ಟೇಪ್ ಸುತ್ತಿ. ಆಮೇಲೂ ಕೈ ಜುಮ್ಮೆಂದರೆ ಸೀಟಿನ ಎತ್ತರ, ಸ್ಟೆಮ್ಮಿನ ಉದ್ದ ನೋಡಿ. ನಮ್ಮಲ್ಲಿ ಕೈ ನೋವು ಅಂದವರಲ್ಲಿ ಹೆಚ್ಚಿನವರಿಗೆ ಸೈಕಲೇ ಒಂದು ಅಳತೆ ದೊಡ್ಡದಾಗಿತ್ತು.

ಈಗ ನಿಜವಾದ ವಿಷಯಕ್ಕೆ ಬರೋಣ. ಎರಡು ವಸ್ತುಗಳೂ ಹೇಗೆ ಕೆಲಸ ಮಾಡುತ್ತವೆ, ಹೇಗೆ ಸೋಲುತ್ತವೆ?

ಕಾರ್ಬನ್ ಎಂದು ನಾವು ಕರೆಯುವುದು ಒಂದು ಲೋಹವಲ್ಲ. ಕೂದಲಿಗಿಂತ ಬಹಳ ತೆಳುವಾದ, 5ರಿಂದ 7 ಮೈಕ್ರಾನ್ ದಪ್ಪದ ಇಂಗಾಲದ ನಾರುಗಳನ್ನು ಎಪಾಕ್ಸಿ ಎಂಬ ಅಂಟಿನಲ್ಲಿ ಹಿಡಿದಿಟ್ಟ ಹಾಳೆಗಳ ಅಡಕ. ಅಡಿಕೆ ಹಾಳೆಯನ್ನು ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ನಾರಿನ ಉದ್ದಕ್ಕೆ ಎಳೆದರೆ ಹಾಳೆ ಜಗ್ಗುವುದಿಲ್ಲ, ಅಡ್ಡಕ್ಕೆ ಸಿಗಿದರೆ ಮಕ್ಕಳೂ ಸಿಗಿಯಬಹುದು. ಕಾರ್ಬನ್ ನಾರೂ ಹಾಗೆಯೇ. ಉದ್ದಕ್ಕೆ ಅದರ ಬಲ ಅದೇ ತೂಕದ ಅಲ್ಯುಮಿನಿಯಂಗಿಂತ ಎಷ್ಟೋ ಪಾಲು ಹೆಚ್ಚು, ಅಡ್ಡಕ್ಕೆ ಅಂಟಿನ ಬಲ ಮಾತ್ರ. ಅದಕ್ಕೇ ತಯಾರಕರು ಹಾಳೆಗಳನ್ನು ಬೇರೆ ಬೇರೆ ಕೋನದಲ್ಲಿ ಹಾಸಿ, ಅಚ್ಚಿನಲ್ಲಿ ಒತ್ತಿ, ಬಿಸಿಯಲ್ಲಿ ಬೇಯಿಸುತ್ತಾರೆ. ಹಾಸುವಾಗ ಒಂದು ಪದರ ಸುಕ್ಕಾದರೆ, ಒಳಗೆ ಗಾಳಿಗುಳ್ಳೆ ಉಳಿದರೆ, ಅಂಟು ಸರಿಯಾಗಿ ಬೇಯದಿದ್ದರೆ ಹೊರಗಿನಿಂದ ಏನೂ ಕಾಣುವುದಿಲ್ಲ. ನೀವು ಮೆಚ್ಚುವ ಆ ಚಾಪೆ ಹೆಣಿಗೆಯ ಹೊಳಪು ಅನೇಕ ಬಾರ್‌ಗಳಲ್ಲಿ ಬರೀ ಅಲಂಕಾರದ ಮೇಲ್ಪದರ. 20,000 ರೂಪಾಯಿಯ ಬಾರಿಗೂ 4,000 ರೂಪಾಯಿಯ ಬಾರಿಗೂ ಫೋಟೋದಲ್ಲಿ ವ್ಯತ್ಯಾಸ ಇಲ್ಲದಿರುವುದು ಇದಕ್ಕೇ. ವ್ಯತ್ಯಾಸ ಇರುವುದು ಕಣ್ಣಿಗೆ ಕಾಣದ ಒಳಗಿನ ಕೆಲಸದಲ್ಲಿ. ನಂಬುವುದಾದರೆ ಅದನ್ನು ಮಾಡಿದವನನ್ನು ನಂಬಬೇಕು, ಮಾಡಿದವನ ಹೆಸರೇ ಇಲ್ಲದಿದ್ದರೆ ಯಾರನ್ನು ನಂಬುವುದು?

"ಅದರ ಮೇಲೆ ಐ.ಎಸ್.ಒ. 4210 ಅಂತ ಬರೆದಿದೆಯಲ್ಲ" ಎಂದು ಒಬ್ಬರು ಫೋಟೋ ಹಾಕಿದರು. ಆ ಮಾನದಂಡ ನಿಜವಾದದ್ದೇ, ಹ್ಯಾಂಡಲ್ ಮತ್ತು ಸ್ಟೆಮ್ ಪರೀಕ್ಷೆಗೆ ಅದರಲ್ಲಿ ಪ್ರತ್ಯೇಕ ಭಾಗವೇ ಇದೆ. ಆದರೆ ಪರೀಕ್ಷೆ ಮಾಡಲು ಯಂತ್ರ ಬೇಕು, ಬರೆಯಲು ಸ್ಟಿಕ್ಕರ್ ಸಾಕು.

ಇನ್ನು ಬಿಗಿಸುವ ವಿಷಯ. ನಮ್ಮೂರಿಗೆ ಸಂಬಂಧಿಸಿದ ಅಪಾಯ ನಿಜವಾಗಿ ಇಲ್ಲೇ ಇದೆ. ಏರು ಹತ್ತುವಾಗ ಎದ್ದು ನಿಂತು ಹ್ಯಾಂಡಲ್ ಎಳೆಯುತ್ತೇವೆ, ಗುಂಡಿಗೆ ಬಿದ್ದಾಗ ಇಡೀ ಮೈಯ ಭಾರ ಕೈಗೆ ಬರುತ್ತದೆ. ಒಂದು ಕೈಯ ಕೆಳಗೆ 40 ಕೆ.ಜಿ., ಸ್ಟೆಮ್ಮಿನ ಅಂಚಿನಿಂದ 18 ಸೆಂ.ಮೀ. ದೂರ ಎಂದರೆ ಅಲ್ಲಿ ಸುಮಾರು 70 ನ್ಯೂಟನ್ ಮೀಟರ್ ಬಾಗಿಸುವ ಬಲ. ಕಾರಿನ ಚಕ್ರದ ನಟ್ಟನ್ನು ಬಿಗಿಸುವುದೇ ಸುಮಾರು 100ಕ್ಕೆ. ಈ ಬಲ ಬೀಳುವ ಜಾಗದಲ್ಲೇ ಸ್ಟೆಮ್ಮಿನ ಮುಚ್ಚಳ ಬಾರನ್ನು ಸುತ್ತ ಹಿಸುಕಿ ಹಿಡಿದಿರುತ್ತದೆ, ಅದೂ ಕಾರ್ಬನ್ ದುರ್ಬಲವಾಗಿರುವ ಅಡ್ಡ ದಿಕ್ಕಿನಲ್ಲಿ. ಆ ಬೋಲ್ಟ್‌ಗಳಿಗೆ ತಯಾರಕರು ಹೇಳುವ ಬಿಗಿ ಸಾಮಾನ್ಯವಾಗಿ 5 ನ್ಯೂಟನ್ ಮೀಟರ್, ಸ್ಟೆಮ್ಮಿನ ಮೇಲೆಯೇ ಬರೆದಿರುತ್ತದೆ. 5 ಎಂದರೆ ಎಷ್ಟು ಗೊತ್ತೇ? 15 ಸೆಂ.ಮೀ. ಉದ್ದದ ಅಲೆನ್ ಕೀಯ ತುದಿಗೆ ಮೂರೂವರೆ ಕೆ.ಜಿ. ತೂಗುಹಾಕಿದಷ್ಟು. ನಮ್ಮ ಪೇಟೆಗಳಲ್ಲಿ ಬೈಕ್ ರಿಪೇರಿ ಮಾಡುವ ಅಣ್ಣಂದಿರ ಕೈ ಅದರ ಮೂರು ಪಟ್ಟು ಹಾಕುತ್ತದೆ, ಅದೂ ಪ್ರೀತಿಯಿಂದ, "ಇನ್ನು ಅಲ್ಲಾಡುವುದಿಲ್ಲ ನೋಡು" ಎನ್ನುತ್ತಾ. ಅವರನ್ನು ದೂರುವುದಿಲ್ಲ. ಅವರು ಕಲಿತದ್ದು ಕಬ್ಬಿಣದ ಮೇಲೆ. ಕಬ್ಬಿಣ ಕ್ಷಮಿಸುತ್ತದೆ, ಅಲ್ಯುಮಿನಿಯಂ ಒಂದು ಮಿತಿಯವರೆಗೆ ಕ್ಷಮಿಸುತ್ತದೆ. ಕಾರ್ಬನ್ ಕ್ಷಮಿಸುವುದಿಲ್ಲ, ಹಾಗೆಂದು ಕೂಗಿಯೂ ಹೇಳುವುದಿಲ್ಲ.

ನಿಯಮ ಮಾಡಲು ಕಾರಣವಾದ ಘಟನೆಯನ್ನೂ ಹೇಳಿಬಿಡುತ್ತೇವೆ, ಹುಡುಗನ ಒಪ್ಪಿಗೆ ಪಡೆದು. ಚರ್ಚಿನ ಅಂಗಳದಲ್ಲಿ ಹೊರಡುವ ಮೊದಲಿನ ತಪಾಸಣೆಯಲ್ಲಿ ಅವನ ಹ್ಯಾಂಡಲ್ ಒತ್ತಿದಾಗ "ಟಿಕ್" ಎಂಬ ಸಣ್ಣ ಸದ್ದು. ಆನ್‌ಲೈನಿನಲ್ಲಿ 4,000ದ ಆಸುಪಾಸಿಗೆ ತರಿಸಿದ, ಹೆಸರಿಲ್ಲದ ಬಾರ್. ಗುಂಡಿಗೆ ಬಿದ್ದಾಗ ಜಾರಿ ಕೆಳಗೆ ತಿರುಗುತ್ತಿತ್ತು ಎಂದು ಎರಡು ಸಲ ಬಿಗಿಸಿದ್ದನಂತೆ. ಮುಚ್ಚಳ ತೆಗೆದು ನೋಡಿದರೆ ಸ್ಟೆಮ್ಮಿನ ಅಂಚಿನ ನೇರಕ್ಕೆ ಕೂದಲಿನಂಥ ಗೆರೆ, ಬೆರಳಿಟ್ಟು ಒತ್ತಿದರೆ ಅದು ತೆರೆದು ಮುಚ್ಚುತ್ತಿತ್ತು. ಆ ದಿನ ನಾವು ಹೊರಟಿದ್ದದ್ದು ಪೊಸಡಿ ಗುಂಪೆಗೆ. ಅವನ ತಾಯಿ ನಮಗೆ ತಿಂಡಿ ಕಟ್ಟಿಕೊಡಲು ಅಂಗಳಕ್ಕೇ ಬಂದಿದ್ದರು, ಆ ಗೆರೆಯನ್ನು ನೋಡಿದವರಲ್ಲಿ ಅವರೂ ಒಬ್ಬರು. ಅದಾದ ಮೇಲೆ ಅವರು ಕೇಳಿದ ಪ್ರಶ್ನೆ, "ಇನ್ನು ಎಷ್ಟು ಸೈಕಲಿನಲ್ಲಿ ಇಂಥದ್ದು ಉಂಟು?" ನಮ್ಮಲ್ಲಿ ಉತ್ತರ ಇರಲಿಲ್ಲ. ಆ ಉತ್ತರ ಹುಡುಕಲು ಹೊರಟದ್ದೇ ಈ ನಿಯಮವಾಯಿತು.

ವಿರೋಧಿಸಿದವರ ವಾದಗಳಲ್ಲಿ ಹೆಚ್ಚು ಚಪ್ಪಾಳೆ ಸಿಕ್ಕಿದ್ದು ವಿಮಾನಕ್ಕೆ. "ಬೋಯಿಂಗ್ 787 ವಿಮಾನದ ತೂಕದಲ್ಲಿ ಅರ್ಧದಷ್ಟು ಕಾರ್ಬನ್‌ನಂಥ ಮಿಶ್ರವಸ್ತು. ನಿಮ್ಮ ಅಣ್ಣಂದಿರು ಗಲ್ಫಿಗೆ ಅದರಲ್ಲೇ ಹೋಗುತ್ತಾರೆ. ಸೈಕಲಿಗೆ ಮಾತ್ರ ಹೆದರಿಕೆಯಾ?" ಒಳ್ಳೆಯ ಮಾತು, ನಮಗೂ ನಗು ಬಂತು. ಆದರೆ ಆ ವಿಮಾನದ ಪ್ರತಿ ಭಾಗಕ್ಕೂ ಹುಟ್ಟಿದ ದಿನದಿಂದ ದಾಖಲೆ ಇರುತ್ತದೆ. ನಿಂತಿದ್ದಾಗ ಸಾಮಾನಿನ ಗಾಡಿ ತಾಗಿದರೂ ಬರೆದಿಡುತ್ತಾರೆ, ಶ್ರವಣಾತೀತ ತರಂಗ ಹಾಯಿಸಿ ಒಳಗಿನ ಪದರ ಬಿಟ್ಟಿದೆಯೇ ಎಂದು ನೋಡುತ್ತಾರೆ. ನಮ್ಮ ಸೈಕಲ್ ಮಂಗಳೂರಿಗೆ ಹೋಗುವುದು ರೈಲಿನ ಸಾಮಾನು ಡಬ್ಬಿಯಲ್ಲಿ, ಇಲ್ಲವೇ ಯಾರದೋ ಪಿಕಪ್ಪಿನ ಹಿಂದೆ ತೆಂಗಿನಕಾಯಿ ಗೋಣಿಯ ಜೊತೆ. ಬ್ರೇಕ್ ಲಿವರ್ ಅಡಿಯಾಗಿ ಮಲಗಿಸಿದ್ದಾರೋ, ಅದರ ಮೇಲೆ ಯಾರು ಏನಿಟ್ಟರೋ, ದಾಖಲೆ ಇಲ್ಲ. ಅಲ್ಯುಮಿನಿಯಂ ಬಾರ್ ಅಂಥ ಹೊಡೆತಕ್ಕೆ ಬಗ್ಗುತ್ತದೆ ಅಥವಾ ತಗ್ಗಾಗುತ್ತದೆ, ಕಣ್ಣಿಗೆ ಕಾಣುತ್ತದೆ. ಕಾರ್ಬನ್ ಬಾರ್ ಹೊರಗೆ ಹಾಗೇ ಹೊಳೆಯುತ್ತಾ ಒಳಗೆ ಪದರ ಬಿಟ್ಟಿರಬಹುದು.

ಒಳ್ಳೆಯ ಕಂಪನಿಯ ಕಾರ್ಬನ್ ಆದರೆ ಸಾಕಲ್ಲವೇ? ಬಹಳ ಮಟ್ಟಿಗೆ ಸಾಕು, ನಿಯಮದಲ್ಲಿ ಅದನ್ನು ತಡೆದಿಲ್ಲ. ಆದರೂ ಒಂದು ಘಟನೆ ತಿಳಿದಿರಲಿ. 2021ರ ಮಾರ್ಚ್‌ನಲ್ಲಿ ಬೆಲ್ಜಿಯಂನ ಲೆ ಸಾಮಿನ್ ಓಟದಲ್ಲಿ ಮ್ಯಾಥ್ಯೂ ವಾನ್ ಡರ್ ಪೂಲ್‌ನ ಕಾರ್ಬನ್ ಹ್ಯಾಂಡಲ್ ಬಾರಿನ ಒಂದು ಬದಿ ಓಟದ ನಡುವೆಯೇ ಮುರಿದು ನೇತಾಡಿತು. ಅವನು ಬೀಳಲಿಲ್ಲ, ಆ ಸೈಕಲಿನಲ್ಲೇ ತಂಡದ ಟಿಮ್ ಮೆರ್ಲಿಯರ್‌ಗೆ ನೆರವಾದ, ಮೆರ್ಲಿಯರ್ ಗೆದ್ದ. ತಯಾರಕ ಕ್ಯಾನ್ಯನ್ ಕಂಪನಿ ಆ ಮಾದರಿ ಕೊಂಡವರಿಗೆ ಸದ್ಯಕ್ಕೆ ಸವಾರಿ ಮಾಡಬೇಡಿ ಎಂದು ತಿಳಿಸಿ, ನಂತರ ಬದಲಿ ಬಾರ್ ಕೊಟ್ಟಿತು. ವಾನ್ ಡರ್ ಪೂಲ್ ಜಗತ್ತಿನ ಅತಿ ಚುರುಕು ಸವಾರರಲ್ಲಿ ಒಬ್ಬ, ಹಿಂದೆ ಕಾರಿನಲ್ಲಿ ಮೆಕ್ಯಾನಿಕ್ ಬರುತ್ತಾನೆ. ಕಂಪನಿಗೆ ಹೆಸರಿದ್ದುದರಿಂದ ಹೊಣೆ ಹೊರುವವರೂ ಇದ್ದರು. ಹೆಸರಿಲ್ಲದ ಬಾರ್ ಮುರಿದರೆ ಅಂಥ ಎಚ್ಚರಿಕೆಯ ಪತ್ರ ಯಾರು ಬರೆಯುತ್ತಾರೆ? ಮಾರುವವನ ಪುಟವೇ ಮರುದಿನ ಇರುವುದಿಲ್ಲ.

ಅದೇ ವರ್ಷ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯದ ಅಲೆಕ್ಸ್ ಪೋರ್ಟರ್ ಟ್ರ್ಯಾಕಿನಲ್ಲಿ ಹ್ಯಾಂಡಲ್ ಮುರಿದು ಮುಖ ಅಡಿಯಾಗಿ ಬಿದ್ದ ದೃಶ್ಯವನ್ನು ನಮ್ಮ ಗ್ರೂಪಿನಲ್ಲಿ ಕಾರ್ಬನ್ ವಿರೋಧಿಗಳು ಹಂಚಿದರು. ನಮ್ಮ ಪರವಾದ ವಾದವೆಂದೇ ಹಂಚಿದ್ದು, ಆದರೆ ಅದು ತಪ್ಪು ಸಾಕ್ಷಿ. ಆ ಬಾರ್ ತ್ರೀಡಿ ಪ್ರಿಂಟರಿನಲ್ಲಿ ಮಾಡಿದ ಟೈಟಾನಿಯಂ. ಲೋಹವೂ ಮುರಿಯುತ್ತದೆ. ಇದನ್ನು ನಮ್ಮ ಕಡೆಯವರೂ ತಿಳಿದಿರಲಿ.

ಅಲ್ಯುಮಿನಿಯಂ ಪಕ್ಷದವರಿಗೆ ಇನ್ನೂ ಎರಡು ಮಾತು ಹೇಳಲೇಬೇಕು. "ಅಲ್ಯುಮಿನಿಯಂ ಹಾಕಿದರೆ ಜೀವನಪರ್ಯಂತ ಚಿಂತೆ ಇಲ್ಲ" ಎಂದು ಕೆಲವು ಹೆತ್ತವರು ತೀರ್ಮಾನಿಸಿದ್ದಾರೆ. ಹಾಗಲ್ಲ. ಉಕ್ಕಿಗೆ ಒಂದು ಗುಣ ಇದೆ: ಒಂದು ಮಿತಿಗಿಂತ ಕಡಿಮೆ ಬಲ ಎಷ್ಟು ಲಕ್ಷ ಸಲ ಬಿದ್ದರೂ ಅದು ದಣಿಯುವುದಿಲ್ಲ. ಅಲ್ಯುಮಿನಿಯಂಗೆ ಅಂಥ ಮಿತಿ ಇಲ್ಲ, ಸಣ್ಣ ಸಣ್ಣ ಬಲವೂ ಲೆಕ್ಕಕ್ಕೆ ಸೇರುತ್ತಾ ಹೋಗಿ ಒಂದು ದಿನ ಬಿರುಕು ಹುಟ್ಟುತ್ತದೆ. ಅದು ಎಚ್ಚರಿಕೆ ಕೊಟ್ಟೇ ಮುರಿಯುತ್ತದೆ ಎಂಬುದು ಅರ್ಧ ಸತ್ಯ. ಬಿರುಕು ಟೇಪಿನ ಕೆಳಗಿದ್ದರೆ ಎಚ್ಚರಿಕೆ ಯಾರಿಗೆ ಕಾಣುತ್ತದೆ? ನಮ್ಮ ಕರಾವಳಿಯಲ್ಲಿ ಇದಕ್ಕೆ ಬೆವರೂ ಸೇರುತ್ತದೆ. ಮಾರ್ಚ್ ಏಪ್ರಿಲ್‌ನಲ್ಲಿ ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗಿ ಬಂದರೆ ಬಾರ್ ಟೇಪ್ ಹಿಂಡಬಹುದು. ಆ ಉಪ್ಪು ಟೇಪಿನೊಳಗೆ ಕುಳಿತು ಅಲ್ಯುಮಿನಿಯಂ ಅನ್ನು ತಿನ್ನುತ್ತದೆ. ಟೇಪ್ ಬಿಚ್ಚಿದಾಗ ಬಿಳಿ ಪುಡಿ, ಸೂಜಿಮೊನೆಯಂಥ ಕುಳಿಗಳು ಕಂಡರೆ ಅದು ಧೂಳಲ್ಲ, ಬಿರುಕು ಹುಟ್ಟುವ ಜಾಗ. ಅಂಥ ಬಾರನ್ನು ಕಳಚಿ, ಮತ್ತೊಬ್ಬರು ಬಳಸದಂತೆ ಗರಗಸದಲ್ಲಿ ಎರಡು ತುಂಡು ಮಾಡಿ ಗುಜರಿಗೆ ಹಾಕಿ. ಬಗ್ಗಿದ ಬಾರನ್ನು ಮೊಣಕಾಲಿಗೆ ಒತ್ತಿ ನೇರ ಮಾಡುವ ಸಾಹಸವೂ ಬೇಡ.

ಉಪ್ಪು, ಬೆವರಿಗೆ ಕಾರ್ಬನ್ ಜಗ್ಗುವುದಿಲ್ಲ, ಅದು ಅದರ ನಿಜವಾದ ಹಿರಿಮೆ. ಆದರೆ ಅದನ್ನು ಹಿಡಿದಿರುವ ಸ್ಟೆಮ್ ಅಲ್ಯುಮಿನಿಯಂ. ಕಾರ್ಬನ್ ಮತ್ತು ಅಲ್ಯುಮಿನಿಯಂ ಒಂದಕ್ಕೊಂದು ತಾಗಿಕೊಂಡು ನಡುವೆ ಉಪ್ಪುನೀರು ಸೇರಿದರೆ ಅದೊಂದು ಸಣ್ಣ ಬ್ಯಾಟರಿ, ತಿಂದುಹೋಗುವುದು ಅಲ್ಯುಮಿನಿಯಂ. ಒಳ್ಳೆಯ ತಯಾರಕರು ನಡುವೆ ಲೇಪನ ಹಾಕಿ ಇದನ್ನು ತಡೆಯುತ್ತಾರೆ. ಅಗ್ಗದ ಬಾರಿನಲ್ಲಿ ಆ ಲೇಪನ ಇದೆಯೋ ಇಲ್ಲವೋ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಮ್ಮ ಮಳೆಯೇ ಪರೀಕ್ಷೆ ಮಾಡುತ್ತದೆ.

ಈಗ ನಮ್ಮನ್ನು ನಿಜವಾಗಿ ಚುಚ್ಚಿದ ಆಪಾದನೆ. "ದುಡ್ಡಿದ್ದವನ 20,000ದ ಕಾರ್ಬನ್ ಒಳಗೆ, ಕೂಡಿಟ್ಟ ದುಡ್ಡಲ್ಲಿ 4,000ದ್ದು ತಂದವನು ಹೊರಗೆ. ಸಂಘಟನೆಯಲ್ಲಿ ಶ್ರೀಮಂತರಿಗೊಂದು ನ್ಯಾಯ, ಬಡವರಿಗೊಂದು ನ್ಯಾಯವಾ?" ಹೀಗೆ ಬರೆದವನು ಅಡಿಕೆ ಸುಲಿಯುವ ಕೂಲಿಯಲ್ಲಿ ಆ ದುಡ್ಡು ಕೂಡಿಸಿದ್ದ. ಈ ಮಾತನ್ನು ನಾವು ತಮಾಷೆ ಮಾಡಿ ತಳ್ಳಿಹಾಕುವುದಿಲ್ಲ.

ಆದರೆ ಸಿಟ್ಟು ಯಾರ ಮೇಲೆ ಬರಬೇಕು? 4,000 ರೂಪಾಯಿಗೆ ಹೆಸರಾಂತ ಕಂಪನಿಯ, ಬಿಲ್ಲೂ ವಾರಂಟಿಯೂ ಇರುವ ಅಲ್ಯುಮಿನಿಯಂ ಬಾರ್ ಸಿಗುತ್ತದೆ. ಇನ್ನೂ ಕಡಿಮೆಗೂ ಸಿಗುತ್ತದೆ. ಅದೇ ದುಡ್ಡಿಗೆ ಅದಕ್ಕಿಂತ ಕೀಳಾದ ವಸ್ತುವನ್ನು ಮೇಲಾದದ್ದು ಎಂದು ನಂಬಿಸಿ ಆ ಹುಡುಗನಿಗೆ ಮಾರಿದವರು ಯಾರು? "ಕಾರ್ಬನ್ ಇಲ್ಲದಿದ್ದರೆ ಅದು ರೋಡ್ ಬೈಕೇ ಅಲ್ಲ" ಎಂದು ಅವನ ತಲೆಯಲ್ಲಿ ತುಂಬಿದವರು ಯಾರು? ಪುಕ್ಕಟೆ ಸಿಕ್ಕಿದ ಸಾಮಾನಿಗೆ ಹೊಗಳಿಕೆಯ ವಿಡಿಯೋ ಮಾಡುವವರು. ಸ್ವಲ್ಪ ನಾವೂ. ಸವಾರಿಯ ಮೊದಲು ಅಂಗಳದಲ್ಲಿ ನಿಂತು ಒಬ್ಬರ ಸೈಕಲನ್ನು ಒಬ್ಬರು ಎತ್ತಿ ತೂಕ ನೋಡುವ ಆಟ, "ಇದೆಂತ ಮಾರಾಯ, ಕಬ್ಬಿಣವಾ?" ಎಂಬ ನಗು ಎಲ್ಲರಿಗೂ ಗೊತ್ತಿದೆ. ಆ ನಗುವಿನ ಬೆಲೆ ಕಟ್ಟಿದವನು ಕೂಲಿಯ ಹುಡುಗ. ಶ್ರೀಮಂತನಿಗೆ ಸಿಗುವ ಕಾರ್ಬನ್ ಹಗುರವೂ ಹೌದು, ನಂಬಿಕಸ್ತವೂ ಹೌದು. ಬಡವನಿಗೆ ಮಾರುವ ಕಾರ್ಬನ್ ಬರೀ ಬಣ್ಣ. ಅನ್ಯಾಯ ಎಂದರೆ ಅದು, ಅದನ್ನು ನಿಯಮದಿಂದ ಹೊರಗಿಟ್ಟದ್ದಲ್ಲ. ಅಲ್ಯುಮಿನಿಯಂನ ವಿಷಯದಲ್ಲಿ ಈ ಅಂತರ ಬಹಳ ಕಡಿಮೆ. ಅಗ್ಗದ್ದಕ್ಕೂ ದುಬಾರಿಯದ್ದಕ್ಕೂ ಮುಖ್ಯ ವ್ಯತ್ಯಾಸ ಕೆಲವು ಹತ್ತು ಗ್ರಾಂ. ಬಡವ ಶ್ರೀಮಂತ ಇಬ್ಬರೂ ಹೆಚ್ಚುಕಡಿಮೆ ಒಂದೇ ಭದ್ರತೆಯಲ್ಲಿ ಗುಂಪೆ ಇಳಿಯಬಹುದಾದ ವಸ್ತು ಅದು.

ಇನ್ನೊಂದು ಉಪಯೋಗ ಯಾರೂ ಹೇಳುವುದಿಲ್ಲ. ಹ್ಯಾಂಡಲಿನ ಅಗಲ ಭುಜಕ್ಕೆ ಹೊಂದಬೇಕು. 40, 42, 44 ಸೆಂ.ಮೀ.ಗಳಲ್ಲಿ ಯಾವುದು ನಿಮಗೆ ಸರಿ ಎಂದು ಮೊದಲ ಸಲವೇ ಗೊತ್ತಾಗುವುದು ಅಪರೂಪ. ಅಲ್ಯುಮಿನಿಯಂ ಆದರೆ ಹೊಂದದಿದ್ದರೆ ಅದಲುಬದಲು ಮಾಡಿಕೊಳ್ಳಬಹುದು, ನಮ್ಮಲ್ಲೇ ಮೂರು ಬಾರ್‌ಗಳು ಹಾಗೆ ಕೈ ಬದಲಾಗಿವೆ. ದುಬಾರಿ ಕಾರ್ಬನ್ ತಂದವನು ಭುಜ ನೋಯಿಸಿಕೊಂಡಾದರೂ ಅದನ್ನೇ ಹಿಡಿದುಕೊಂಡಿರುತ್ತಾನೆ. ಸ್ಟೆಮ್ ಮತ್ತು ಬಾರ್ ಒಂದೇ ತುಂಡಾಗಿ ಬರುವ ಮಾದರಿಯಂತೂ ಬೇಡವೇ ಬೇಡ.

ಯಾರಿಗೆ ಕಾರ್ಬನ್ ಸರಿ? ಟಾರ್ಕ್ ರೆಂಚ್ ಇಟ್ಟುಕೊಂಡು, ಅದನ್ನು ಬಳಸಿ, ಬಾರ್ ಜಾರದಂತೆ ಹಿಡಿಯುವ ಮರಳುಮರಳಾದ ಕಾರ್ಬನ್ ಪೇಸ್ಟ್ ಹಚ್ಚಿ, ಒಮ್ಮೆ ಜೋರಾಗಿ ಬಿದ್ದರೆ 20,000ದ ಬಾರನ್ನು ಎರಡನೇ ಯೋಚನೆ ಇಲ್ಲದೆ ಬಿಸಾಡಬಲ್ಲವರಿಗೆ. ಈ ಕೊನೆಯ ಷರತ್ತನ್ನು ಪ್ರಾಮಾಣಿಕವಾಗಿ ಓದಿ. ಬಿದ್ದ ಮೇಲೆ "ನೋಡಲು ಚೆನ್ನಾಗಿಯೇ ಇದೆ" ಎಂದು ಮತ್ತೆ ಹತ್ತುವವರಾದರೆ ಅದು ನಿಮಗಲ್ಲ. ನಮ್ಮಲ್ಲಿ ಯಾರಾದರೂ ಆ ಷರತ್ತಿಗೆ ಹೊಂದಿದರೆ ಬಿಲ್ ತೋರಿಸಿ, ಬನ್ನಿ.

ಸದ್ಯಕ್ಕೆ ಮಾಡಿದ ಏರ್ಪಾಡು ಇಷ್ಟು. ಯುವ ಸಂಘಟನೆಯ ದುಡ್ಡಿನಲ್ಲಿ ಒಂದು ಟಾರ್ಕ್ ರೆಂಚ್ ತಂದು ಸಭಾಂಗಣದ ಕಪಾಟಿನಲ್ಲಿಟ್ಟಿದ್ದೇವೆ, ಯಾರು ಬೇಕಾದರೂ ಬಂದು ಬಳಸಬಹುದು, ಮನೆಗೆ ಒಯ್ಯುವಂತಿಲ್ಲ. ನಾಲ್ಕು ಬೋಲ್ಟ್‌ಗಳನ್ನು ಒಂದೊಂದಾಗಿ ಪೂರ್ತಿ ಬಿಗಿಸದೆ, ಅಡ್ಡಾದಿಡ್ಡಿ ಸ್ವಲ್ಪ ಸ್ವಲ್ಪವೇ ತಿರುಗಿಸಿ, ಮುಚ್ಚಳದ ಮೇಲೆ ಕೆಳಗೆ ಒಂದೇ ಸಮನಾದ ಸಂದು ಉಳಿಯುವಂತೆ ಬಿಗಿಸುವುದನ್ನು ಹೇಳಿಕೊಡುತ್ತೇವೆ. ಬ್ರೇಕ್ ಲಿವರಿನ ಪಟ್ಟಿಯನ್ನು ವಿಪರೀತ ಬಿಗಿಸಬೇಡಿ, ಬಿದ್ದಾಗ ಅದು ಸ್ವಲ್ಪ ತಿರುಗಿದರೆ ಬಾರ್ ಉಳಿಯುತ್ತದೆ. ಹೆಸರಿಲ್ಲದ ಕಾರ್ಬನ್ ಬಾರ್ ಇಟ್ಟುಕೊಂಡ ಐದು ಮಂದಿಯಲ್ಲಿ ಮೂವರು ಈಗಾಗಲೇ ಬದಲಿಸಿಕೊಂಡಿದ್ದಾರೆ. ಕೇಬಲ್ ಬಿಚ್ಚಿ ಜೋಡಿಸುವ, ಟೇಪ್ ಸುತ್ತುವ ಕೆಲಸವನ್ನು ನಾವೇ ಪುಕ್ಕಟೆಯಾಗಿ ಮಾಡಿಕೊಟ್ಟೆವು. ಅಡಿಕೆ ಕೂಲಿಯ ಹುಡುಗನಿಗೆ ಒಬ್ಬರು ತಮ್ಮಲ್ಲಿ ಬಳಸದೆ ಇದ್ದ 42ರ ಅಲ್ಯುಮಿನಿಯಂ ಬಾರ್ ಕೊಟ್ಟಿದ್ದಾರೆ. ಅವನು ಹಳೆಯದನ್ನು ಮಾರುತ್ತೇನೆ ಎಂದ. ಬೇಡ ಎಂದೆವು, ಮತ್ತೆ ವಾದವಾಯಿತು, ಕೊನೆಗೆ ಅದನ್ನು ಅವನೇ ಕಲ್ಲಿನ ಮೇಲೆ ಇಟ್ಟು ಗರಗಸ ಹಿಡಿದ. ತುಂಡು ಮಾಡಿದಾಗ ಒಳಗಿನ ಗೋಡೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ಅದರ ಅರ್ಧವೂ ಇರಲಿಲ್ಲ. ಆ ತುಂಡು ಈಗ ಕಪಾಟಿನಲ್ಲಿ ರೆಂಚಿನ ಪಕ್ಕದಲ್ಲೇ ಇದೆ, ಬಂದು ನೋಡಬಹುದು.

ಇನ್ನಿಬ್ಬರಿಗೆ ನಾವು ಕಾಯುತ್ತಿದ್ದೇವೆ. ಮಳೆ ಹಿಡಿಯುವ ಮೊದಲಿನ ಕೊನೆಯ ಸವಾರಿ ಬೇಕಲಕ್ಕೆ. ಹಿಂದಿನ ದಿನ ಶನಿವಾರ ಸಂಜೆ ಜ್ಞಾನೋಪದೇಶದ ತರಗತಿ ಮುಗಿದ ಮೇಲೆ ಎಲ್ಲ ಸೈಕಲ್‌ಗಳ ಟೇಪ್ ಬಿಚ್ಚಿ ನೋಡುತ್ತೇವೆ, ಅಲ್ಯುಮಿನಿಯಂ ಇರಲಿ, ಕಾರ್ಬನ್ ಇರಲಿ. ಹೊಸ ಟೇಪ್ ನೀವೇ ತರಬೇಕು.